ಕೊರಳಲ್ಲಿ ಚೀಲ ತೂಗಿಕೊಂಡವನ ಪರವಾಗಿ

ಕಳೆದ ರಂಜಾನಿನ ಒಂದು ರಾತ್ರಿ, ತರಾವೀಹ್ ನಮಾಜು ಮುಗಿದ ಮೇಲೆ, ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ಸರ್ಕಲ್ಲಿನ ಚಹಾದಂಗಡಿ ಮುಂದೆ ಹಿರಿಯರೊಬ್ಬರು ಪ್ರವಾದಿಯವರ ಮಾತೆಂದು ಒಂದು ಹದೀಸ್ ಹೇಳಿದರು. ಅವರ ಮಾತು ಮುಗಿಯುವ ಮೊದಲೇ ಎದುರಿಗಿದ್ದ ಹುಡುಗ ಮೊಬೈಲಿನ ಮೇಲೆ ಬೆರಳಾಡಿಸಿ ತೀರ್ಪು ಕೊಟ್ಟ: "ಅದು ಜಯೀಫ್ ಐತ್ರಿ ಚಾಚಾ, ಬಿಟ್ಟಬಿಡ್ರಿ." ಚಾಚಾ ಬಿಟ್ಟರು. ಚಹಾ ಕುಡಿದು ಎದ್ದು ಹೋದರು. ಯಾಕೆ ಜಯೀಫ್, ಸನದಿನಲ್ಲಿ, ಅಂದರೆ ಹೇಳಿದವರ ಸರಪಳಿಯಲ್ಲಿ, ಯಾರ ಹತ್ತಿರ ಗಂಟು ಸಡಿಲಾಯಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹುಡುಗನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ನಾನೇ ತೆಗೆದು ನೋಡಿದೆ. ಸನದಿನ ನಡುವೆ ಕೂತಿದ್ದವನು ನನ್ನ ಹಳೆಯ ಗೆಳೆಯ, ಈಜಿಪ್ಟಿನ ಕಾಜಿ ಅಬ್ದುಲ್ಲಾ ಇಬ್ನ್ ಲಹೀಆ. ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಜಯೀಫ್ ಎಂದರೆ ದುರ್ಬಲ. ನಮ್ಮ ಓಣಿಯ ದಖನಿಯಲ್ಲಿ ವಯಸ್ಸಾಗಿ ಕೋಲು ಹಿಡಿದವರನ್ನೂ ಜಯೀಫ್ ಅನ್ನುತ್ತಾರೆ. ಅಂಥವರನ್ನು ಯಾರೂ ಮನೆಯಿಂದ ಹೊರಗೆ ಹಾಕುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಳೆಯ ಮುಹದ್ದಿಸರೂ, ಅಂದರೆ ಹದೀಸ್ ವಿದ್ವಾಂಸರೂ, ಈ ಶಬ್ದವನ್ನು ಹೆಚ್ಚುಕಡಿಮೆ ಹಾಗೆಯೇ ಬಳಸಿದರು. ಒಂಟಿಯಾಗಿ ನಿಲ್ಲಲಾರದ ಮಾತು ಅದು. ಇನ್ನೊಂದು ದಾರಿಯಿಂದ ಅದೇ ಮಾತು ಬಂದರೆ ಹಸನ್, ಅಂದರೆ ಒಪ್ಪಬಹುದಾದ, ದರ್ಜೆಗೆ ಏರಬಲ್ಲದು. ಕಟ್ಟುಕಥೆಗೆ ಮೌಜೂ ಎಂಬ ಬೇರೆ ಹೆಸರೇ ಇತ್ತು. ಈಗ ಎರಡೂ ಒಂದೇ ಕಸದ ಬುಟ್ಟಿಗೆ.

ಇಬ್ನ್ ಲಹೀಆ ಹುಟ್ಟಿದ್ದು 715ರಲ್ಲಿ, ತೀರಿಕೊಂಡದ್ದು 790ರಲ್ಲಿ. ಹದರಮೌತ್ ಮೂಲದವನು. ಖಲೀಫ ಮನ್ಸೂರ್ ಅವನನ್ನು ಈಜಿಪ್ಟಿನ ಕಾಜಿಯನ್ನಾಗಿ ನೇಮಿಸಿದ. ಆದರೆ ನನಗೆ ಪ್ರೀತಿಯ ವಿವರ ಅವನ ಅಡ್ಡಹೆಸರು: ಅಬೂ ಖರೀತಾ, ಚೀಲದಪ್ಪ. ಕೊರಳಿಗೆ ಚೀಲ ತೂಗಿಹಾಕಿಕೊಂಡು ಊರೆಲ್ಲ ತಿರುಗುವುದು, ಪರಸ್ಥಳದಿಂದ ಬಂದವರನ್ನು ಹಿಡಿದು ಯಾರನ್ನು ಕಂಡಿರಿ, ಏನು ಕೇಳಿದಿರಿ ಎಂದು ವಿಚಾರಿಸುವುದು, ಬರೆದುಕೊಂಡು ಚೀಲಕ್ಕೆ ಹಾಕುವುದು. ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಾಗಿ ಊರೂರು, ಮನೆಮನೆ ಅಲೆದದ್ದು ನೆನಪಾಗುವುದಿಲ್ಲವೇ? ಹಳಕಟ್ಟಿ ಇದ್ದ ಮನೆ ಮಾರಿ ಅಚ್ಚುಕೂಟ ಮಾಡಿದರು. ಇಬ್ನ್ ಲಹೀಆನ ಮನೆಗೆ ಬೆಂಕಿ ಬಿತ್ತಂತೆ.

786ರ ಸುಮಾರಿಗೆ ಅವನ ಪುಸ್ತಕಗಳು ಸುಟ್ಟವೆಂದು ಹೇಳುತ್ತಾರೆ. ಸಮಕಾಲೀನ ವಿದ್ವಾಂಸ ಲೈಸ್ ಇಬ್ನ್ ಸಅದ್ ಮರುದಿನವೇ 1,000 ದಿನಾರ್ ಕಳಿಸಿದನಂತೆ. ಮೂಲಪ್ರತಿಗಳು ಉಳಿದಿದ್ದವು, ಓದಿಸುತ್ತಿದ್ದ ಕೆಲವಷ್ಟೇ ಹೋದವು ಎಂದವರಿದ್ದಾರೆ. ಬೆಂಕಿ ಬಿದ್ದೇ ಇಲ್ಲ ಎಂದವರೂ ಇದ್ದಾರೆ. ಒಬ್ಬ ಮನುಷ್ಯನ ಮನೆ ಸುಟ್ಟಿತೋ ಇಲ್ಲವೋ ಎಂಬುದಕ್ಕೂ ಮೂರು ಕಡೆಯ ಸಾಕ್ಷಿ ಹೇಳಿಕೆ ದಾಖಲಿಸಿಟ್ಟ ವಿದ್ಯೆ ಇದು! ಆಮೇಲೆ ಅವನ ನೆನಪು ಕಲಸಿಹೋಯಿತು. ಇನ್ನೊಂದು ದೂರು ಇದಕ್ಕಿಂತ ಕೆಟ್ಟದ್ದು. ಯಾರೋ ಹೊತ್ತಿಗೆ ತಂದು ಇದು ನಿಮ್ಮದೇ ಎಂದರೆ ಒಪ್ಪಿಕೊಂಡು ಓದಲು ಬಿಡುತ್ತಿದ್ದ. ಹೀಗೇಕೆ ಮಾಡುತ್ತೀರಿ ಎಂದು ಕೇಳಿದವನಿಗೆ, ನಾನೇನು ಮಾಡಲಿ, ಅವರು ತಂದು ನಿಮ್ಮದು ಅನ್ನುತ್ತಾರೆ, ನಾನು ಹೇಳುತ್ತೇನೆ ಎಂಬರ್ಥದ ಉತ್ತರ ಕೊಟ್ಟನಂತೆ. ವಿಮರ್ಶಕರಿಗೆ ಇದು ಅಕ್ಷಮ್ಯ. ನನಗೆ ಇದನ್ನು ಓದಿದಾಗಲೆಲ್ಲ ನನ್ನ ಅಜ್ಜ, ನಮ್ಮ ದಾದಾ, ಕಾಣುತ್ತಾರೆ.

ದಾದಾ ಶಿಶುನಾಳ ಶರೀಫರ ತತ್ವಪದ ಹಾಡುತ್ತಿದ್ದರು. ಒಂದು ಮಳೆಗಾಲದಲ್ಲಿ ಹಂಚು ಸೋರಿ ಅವರ ಪದಗಳ ವಹಿ ಹಿಟ್ಟಾಗಿ ಹೋಯಿತು. ಆಮೇಲೆ ಒಂದು ಪದದ ತಲೆ, ಇನ್ನೊಂದರ ಬಾಲ. ಕಡಕೋಳ ಮಡಿವಾಳಪ್ಪನ ಪದ ಹೇಳಿ ಇದೂ ಶರೀಫರದೇ ಹೌದಲ್ಲ ಎಂದರೆ ಹೂಂ ಅನ್ನುತ್ತಿದ್ದರು. ಕೊನೆಗೆ ಶಿಶುನಾಳಧೀಶ ಎಂಬ ಅಂಕಿತ ಮಾತ್ರ ತಪ್ಪದೆ ಬರುತ್ತಿತ್ತು, ಮಡಿವಾಳಪ್ಪನ ಪದಕ್ಕೂ! ಮೂಲೆಯಲ್ಲಿ ಕೂತ ನಮ್ಮ ಸೋದರತ್ತೆ, ಫೂಫಿ, ತಿದ್ದುತ್ತಿದ್ದಳು. ಭಜನೆಯವರು ಕರೆಯುವುದನ್ನು ನಿಲ್ಲಿಸಲಿಲ್ಲ. ದಾದಾ ಹಾಡಿದ್ದನ್ನು ಫೂಫಿಯ ಪಾಠದ ಪಕ್ಕ ಇಟ್ಟು ಕೇಳುವುದನ್ನು ಕಲಿತರು. ಹೀಗಾಗಿ ಇಬ್ನ್ ಲಹೀಆನ ಬಗ್ಗೆ ನಾನು ನಿಷ್ಪಕ್ಷಪಾತಿಯಲ್ಲ, ಆಗುವ ಇರಾದೆಯೂ ಇಲ್ಲ.

ಮುಹದ್ದಿಸರೂ ಅದನ್ನೇ ಮಾಡಿದರೆಂಬುದು ಮೊಬೈಲಿನಲ್ಲಿ ಕಾಣುವುದಿಲ್ಲ. ಅವನಿಂದ ಕೇಳಿದವರಲ್ಲಿ ಅಬ್ದುಲ್ಲಾ ಹೆಸರಿನ ಕೆಲವರಿದ್ದರು: ಇಬ್ನುಲ್ ಮುಬಾರಕ್, ಇಬ್ನ್ ವಹಬ್, ಅಲ್ ಮುಖ್ರಿ; ಅಲ್ ಕಅನಬಿಯನ್ನೂ ಸೇರಿಸುತ್ತಾರೆ. ಇವರು ಬೆಂಕಿಗೆ ಮೊದಲೇ ಕೇಳಿದವರು, ಮೂಲಪ್ರತಿ ನೋಡಿದವರು. ಇವರ ಮೂಲಕ ಬಂದದ್ದನ್ನು ತೆಗೆದುಕೊಳ್ಳಬಹುದು ಎಂದು ಹಲವರು ಗೆರೆ ಎಳೆದರು. ಇಮಾಮ್ ಮುಸ್ಲಿಂ ತಮ್ಮ ಸಹೀಹ್ ಸಂಕಲನದಲ್ಲಿ ಅವನನ್ನು ಒಂಟಿಯಾಗಿ ಕೂರಿಸದೆ ಇನ್ನೊಬ್ಬ ರಾವಿಯ, ಅಂದರೆ ನಿರೂಪಕನ, ಜೋಡಿ ಮಾಡಿದರು. ಇನ್ನೊಬ್ಬ ಸಂಕಲನಕಾರ ಬುಖಾರಿಯವರ ಒಂದು ಸನದಿನಲ್ಲಿ "ಮತ್ತೊಬ್ಬ" ಎಂದಷ್ಟೇ ಬರುತ್ತದೆ. ಆ ಮತ್ತೊಬ್ಬ ಇವನೇ ಎಂದು ಟೀಕಾಕಾರರು ಗುರುತಿಸಿದ್ದಾರೆ. ಹೆಸರಿಲ್ಲ, ಬಾಗಿಲ ಹತ್ತಿರ ಜಾಗ ಮಾತ್ರ ಇದೆ. ಇಬ್ನ್ ಹಿಬ್ಬಾನ್ ಬೆಂಕಿಗಿಂತ ಮೊದಲಿನದರಲ್ಲೂ ಅವನು ದುರ್ಬಲರ ಹೆಸರು ನುಂಗುತ್ತಿದ್ದ ಎಂದು ತದ್ಲೀಸಿನ ಆರೋಪ ಹೊರಿಸುತ್ತಾರೆ. ಆರೋಪ ಗಟ್ಟಿಯಿದೆ. ನಾನು ಓದಿ ಪುಟ ತಿರುವಿದೆ.

ಇನ್ನೊಂದು ಕಡೆಯ ತೀರ್ಪೂ ಇದೆ, ಅದು ಧಾರವಾಡದ ಗೋಷ್ಠಿಗಳಲ್ಲಿ ಸಿಗುತ್ತದೆ. ಹದೀಸ್ ಎಲ್ಲ 200 ವರ್ಷ ಕಿವಿಯಿಂದ ಕಿವಿಗೆ ಬಂದ ಮಾತು, ಬರೆದದ್ದು ಬುಖಾರಿ, ನಂಬುವುದು ಹೇಗೆ? ಬುಖಾರಿ ತೀರಿಕೊಂಡದ್ದು 870ರಲ್ಲಿ. ಅದಕ್ಕೂ 80 ವರ್ಷ ಮೊದಲು ಸತ್ತ ಇಬ್ನ್ ಲಹೀಆನ ಮನೆಯಲ್ಲಿ ಬರೆದದ್ದೇನೂ ಇರದಿದ್ದರೆ ಸುಟ್ಟದ್ದಾದರೂ ಏನು? ಹೈದರಾಬಾದಿನಲ್ಲಿ ಹುಟ್ಟಿದ ಮುಹಮ್ಮದ್ ಹಮೀದುಲ್ಲಾ, ಪ್ರವಾದಿಯವರ ಸಂಗಾತಿ ಅಬೂ ಹುರೈರಾರ ಶಿಷ್ಯ ಹಮ್ಮಾಮ್ ಇಬ್ನ್ ಮುನಬ್ಬಿಹ್‌ನ ಸಹೀಫಾ ಎಂಬ ಹದೀಸ್ ಹೊತ್ತಿಗೆಯನ್ನು ಬರ್ಲಿನ್ ಮತ್ತು ದಮಾಸ್ಕಸ್ಸಿನ ಹಸ್ತಪ್ರತಿಗಳಿಂದ ಎತ್ತಿ 1953ರಲ್ಲಿ ಪ್ರಕಟಿಸಿದರು. ಅದನ್ನು ಈ ಗೋಷ್ಠಿಯವರು ಓದಿರುವುದಿಲ್ಲ. ವಚನಗಳ ವಿಷಯ ಬಂದರೆ ಇವರೇ ಮೆತ್ತಗಾಗುತ್ತಾರೆ. 12ನೆಯ ಶತಮಾನದ ಮಾತು ಶೂನ್ಯಸಂಪಾದನೆಗಳಿಗೆ ಬಂದು ಸೇರಿದ್ದು 15ನೆಯ ಶತಮಾನದಲ್ಲಿ, ಹಳಕಟ್ಟಿಯವರ ವಚನಶಾಸ್ತ್ರಸಾರ ಅಚ್ಚಾದದ್ದು 1923ರಲ್ಲಿ. ನಡುವೆ ಯಾರು ಯಾರಿಂದ ಕೇಳಿದರು? ಹೆಸರಿನ ಪಟ್ಟಿ ಇಲ್ಲ. ಅದಕ್ಕಾಗಿ ವಚನ ಸುಳ್ಳೆಂದು ನಾನು ಹೇಳಲಾರೆ. ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಕೂಡಿಸಿದ್ದನ್ನು ಬೇರ್ಪಡಿಸಲು ಎಂ. ಎಂ. ಕಲಬುರ್ಗಿಯವರಂಥವರು ಆಯುಷ್ಯ ಸವೆಸಿದ್ದಾರೆ. ಹೆಸರಿನ ಪಟ್ಟಿ ಇಟ್ಟವರಿಗೂ ಅಷ್ಟೇ ತಾಳ್ಮೆ ತೋರಿಸಿ ಎನ್ನುತ್ತೇನೆ.

ಆ ಪಟ್ಟಿ ಅಚ್ಚಾದದ್ದಾದರೂ ಎಲ್ಲಿ? ರಾವಿಗಳ ಗುಣದೋಷ ಬರೆದಿಟ್ಟ ಇಬ್ನ್ ಹಜರರ ತಹ್ಜೀಬುತ್ ತಹ್ಜೀಬ್, 12 ಸಂಪುಟ, 1907ರಿಂದ ಹೈದರಾಬಾದಿನ ದಾಯಿರತುಲ್ ಮಆರಿಫ್‌ನಲ್ಲಿ ಹೊರಬಂತು. ಆಗ ಬೀದರ, ಕಲಬುರ್ಗಿ, ರಾಯಚೂರು ಅದೇ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ನಮ್ಮ ಮಗ್ಗುಲಲ್ಲೇ ಅಚ್ಚಾದದ್ದು ನಮ್ಮ ಕೈಗೆ ಬಂದಿಲ್ಲ. ಕನ್ನಡದ ಹದೀಸ್ ಸಂಕಲನಗಳಲ್ಲಿ ಹೆಚ್ಚಿನವು ಸನದನ್ನು ಪೂರ್ತಿ ಕತ್ತರಿಸಿ, ಮೇಲೊಂದು ಸಹಾಬಿಯ, ಅಂದರೆ ಪ್ರವಾದಿಯವರ ಸಂಗಾತಿಯ, ಹೆಸರು, ಕೆಳಗೊಂದು ಗ್ರಂಥದ ಹೆಸರು ಇಟ್ಟು ಮುಗಿಸುತ್ತವೆ. ನಡುವಿನ ಐದಾರು ಮನುಷ್ಯರು ಮಾಯ. ಅವರ ಮರೆವು, ಜಗಳ, ಸುಟ್ಟ ಮನೆ ಎಲ್ಲ ಮಾಯವಾದ ಮೇಲೆ ಓದುಗನ ಕೈಯಲ್ಲಿ ಒಂದು ಚೀಟಿ ಉಳಿಯುತ್ತದೆ.

ಹುಬ್ಬಳ್ಳಿಯ ಕಿವಿಗೆ ಈ ಚೀಟಿಯ ಚಾಳಿ ಹೊಸದು. ಘರಾಣೆ ಎಂದರೆ ಸನದೇ ತಾನೆ? ಅಬ್ದುಲ್ ಕರೀಮ್ ಖಾನರಿಂದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್. ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತ ಆಕೆಯ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು. ಆವತ್ತು ಈ ಹುಡುಗನ ಮೊಬೈಲು ಇದ್ದಿದ್ದರೆ ಏನು ಬರೆದು ಅಂಟಿಸುತ್ತಿತ್ತೋ! ಕೇಳುವವರು ಮಾತ್ರ ಆ ಬದಲಾದ ದನಿಯೊಳಗೇ ಕಿರಾಣಾ ಘರಾಣೆಯನ್ನು ಹುಡುಕಿಕೊಂಡರು. ಈಗ ಪುಸ್ತಕಕ್ಕೆ ನಕ್ಷತ್ರ, ಸಿನಿಮಾಕ್ಕೆ ನಕ್ಷತ್ರ, ಖಾನಾವಳಿಯ ರೊಟ್ಟಿಗೂ ನಕ್ಷತ್ರ. ತಿಂದು ನೋಡುವ ಮೊದಲೇ ರುಚಿ ತೀರ್ಮಾನವಾಗಿರುತ್ತದೆ.

ಆ ಹುಡುಗ ಮತ್ತೆ ಸಿಕ್ಕರೆ ಒಂದು ಸಂಗತಿ ಹೇಳಬೇಕೆಂದಿದ್ದೇನೆ. ಜರ್ಮನಿಯ ಹೈಡಲ್ಬರ್ಗಿನಲ್ಲಿ ಒಂದು ಪಪೈರಸ್ ಸುರುಳಿಯಿದೆ. ಹದೀಸಿನದೆಂದು ಉಳಿದ ಅತಿ ಹಳೆಯ ಬರಹಗಳ ಸಾಲಿನದು. ರೈಫ್ ಜಾರ್ಜ್ ಖೂರಿ ಅದನ್ನು 1986ರಲ್ಲಿ ಪ್ರಕಟಿಸಿದರು. ಅದರಲ್ಲಿರುವುದು ಇಬ್ನ್ ಲಹೀಆ ಹೇಳಿದ ಹದೀಸುಗಳು.