ಬಾತ್‌ವೆಲ್ ಸೇತುವೆಯ ಸೋಲು: ಸ್ಕಾಟ್ ಕೊಡುವ ಕಾರಣ ಸಾಕೇ?

ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದ ಬಂಕಿಮರನ್ನು ಓದುವಾಗ ನಾವು ವಾಲ್ಟರ್ ಸ್ಕಾಟ್‌ನ ಹೆಸರನ್ನು ಒಮ್ಮೆ ಹೇಳಿ ಮುಂದೆ ಹೋಗ್ತೇವೆ. ಇವತ್ತು ಅವನ ಕಾದಂಬರಿಯನ್ನೇ ಎದುರಿಗಿಟ್ಟುಕೊಂಡು ಮಾತಾಡ್ತೇನೆ: 1816ರ ‘ಓಲ್ಡ್ ಮಾರ್ಟಾಲಿಟಿ’. ಅದರ ವಸ್ತು 1679ರ ಸ್ಕಾಟ್ಲೆಂಡಿನ ದಂಗೆ. ಆ ದಂಗೆ ಯಾಕೆ ಸೋತಿತು ಎಂಬುದಕ್ಕೆ ಕಾದಂಬರಿ ಕೊಡುವ ಉತ್ತರ ನನಗೆ ಅರ್ಧ ಮಾತ್ರ ಒಪ್ಪಿಗೆ.

ಸಂಗತಿ ಇಷ್ಟು. ಎರಡನೆಯ ಚಾರ್ಲ್ಸ್ ಚರ್ಚಿನ ಮೇಲೆ ಮತ್ತೆ ಬಿಷಪ್ಪರನ್ನು ಕೂರಿಸಿದ. ಒಪ್ಪದ ಪಾದ್ರಿಗಳು ಸ್ಥಾನ ಕಳೆದುಕೊಂಡರು. ಬಯಲಲ್ಲಿ ಪ್ರಾರ್ಥನೆ ಶುರುವಾಯ್ತು, ಹಿಂದೆಯೇ ಸೈನಿಕರ ಕಾಟ. 1679ರ ಮೇ 3ರಂದು ಆರ್ಚ್‌ಬಿಷಪ್ ಶಾರ್ಪ್‌ನ ಕೊಲೆ. ಜೂನ್ 1ರಂದು ಡ್ರಮ್‌ಕ್ಲಾಗ್‌ನಲ್ಲಿ ದಂಗೆಕೋರರು ಕ್ಲೇವರ್‌ಹೌಸ್‌ನ ಕುದುರೆಪಡೆಯನ್ನು ಓಡಿಸಿದರು. ಮೂರೇ ವಾರ. ಜೂನ್ 22ಕ್ಕೆ ಕ್ಲೈಡ್ ನದಿಯ ಬಾತ್‌ವೆಲ್ ಸೇತುವೆಯಲ್ಲಿ ಮನ್‌ಮತ್‌ನ ಸೈನ್ಯದ ಎದುರು ಎಲ್ಲ ಮುಗೀತು.

ಸ್ಕಾಟ್ ಪ್ರಕಾರ ಅವರನ್ನು ಸೋಲಿಸಿದ್ದು ಮತಾಂಧತೆ. ಸೇತುವೆ ಕಾಯುತ್ತಿದ್ದವರು ಮದ್ದುಗುಂಡು ಕಳಿಸಿ ಅಂತ ಕೂಗಿಕೊಳ್ಳುವಾಗ ಹಿಂದಿನ ದಂಡು ಕದಲುವುದಿಲ್ಲ. ಹುಚ್ಚು ಬೋಧಕ ಮಕಲ್‌ರಾತ್ ಅಂತೂ ಮರೆಯಲಾಗದ ಪಾತ್ರ: ಭಾನುವಾರ ಕೊಲ್ಲಬಾರದು, ಹಾಗಾಗಿ ನಾಯಕ ಮಾರ್ಟನ್‌ನನ್ನು ಬೇಗ ಕೊಲ್ಲಲು ಗಡಿಯಾರದ ಮುಳ್ಳನ್ನೇ ಮುಂದಕ್ಕೆ ತಳ್ಳಹೋಗುತ್ತಾನೆ! ಓದುಗರಿಗೆ ನಗುವೂ ಭಯವೂ ಒಟ್ಟಿಗೇ ಬರುತ್ತದೆ. ಆದರೆ ಆ ಗದ್ದಲದಲ್ಲಿ, ಅವರು ಯಾವುದಕ್ಕಾಗಿ ಜಗಳವಾಡ್ತಿದ್ದರು ಅನ್ನೋದೇ ಮರೆತುಹೋಗುತ್ತದೆ.

ಜಗಳ ಕ್ಷುಲ್ಲಕವಾಗಿರಲಿಲ್ಲ. 1669 ಮತ್ತು 1672ರಲ್ಲಿ ರಾಜ ಒಂದು ರಿಯಾಯಿತಿ ಕೊಟ್ಟ: ಸರ್ಕಾರದ ಅನುಮತಿ ಪಡೆದರೆ ಹೊರಹಾಕಿದ ಪಾದ್ರಿಗಳೂ ಬೋಧಿಸಬಹುದು. ಕೆಲವರು ಪಡೆದರು. ದಂಗೆಯ ಶಿಬಿರದಲ್ಲಿ ಪ್ರಶ್ನೆ ಎದ್ದದ್ದು ಇಲ್ಲೇ. ಅನುಮತಿ ಪಡೆದವರು ಚರ್ಚಿನ ಮೇಲೆ ರಾಜನ ಯಜಮಾನಿಕೆ ಒಪ್ಪಿದ ಹಾಗೆ ಅಂತ ರಾಬರ್ಟ್ ಹ್ಯಾಮಿಲ್ಟನ್‌ನ ಪಕ್ಷ. ಅದನ್ನು ಆಮೇಲೆ ನೋಡೋಣ, ಈಗ ರಾಜನಿಷ್ಠೆ ಘೋಷಿಸೋಣ ಅಂತ ಜಾನ್ ವೆಲ್ಷ್‌ನ ಪಕ್ಷ. ನಾವು ರಾಜನ ವಿರುದ್ಧವೋ, ಅವನ ಬಿಷಪ್ಪರ ವಿರುದ್ಧ ಮಾತ್ರವೋ? ಇದು ತೀರ್ಮಾನವಾಗದೆ ಸೈನ್ಯಕ್ಕೆ ಏನು ಅಪ್ಪಣೆ ಕೊಡೋದು? ಹ್ಯಾಮಿಲ್ಟನ್‌ಗೆ ದಂಡು ನಡೆಸೋಕೆ ಬರ್ತಿರಲಿಲ್ಲ, ಅದೂ ನಿಜ. ಆದರೆ ಒಡಕಿನ ಬೀಜ ಬಿದ್ದದ್ದು ಹತ್ತು ವರ್ಷ ಹಿಂದೆ, ಆ ರಿಯಾಯಿತಿಯಲ್ಲಿ. ಸೇತುವೆಯಲ್ಲಿ ಆದದ್ದು ಅದರ ಕೊಯ್ಲು ಅಂತ ನನ್ನ ವಾದ.

ಸ್ಕಾಟ್‌ಗೆ ಇದು ತಿಳಿದಿತ್ತು. ಅನುಮತಿ ಪಡೆದ ಪಾದ್ರಿ ಪೌಂಡ್‌ಟೆಕ್ಸ್ಟ್ ಕಾದಂಬರಿಯಲ್ಲಿ ಇದ್ದಾನೆ, ಆದರೆ ನಗೆಪಾತ್ರವಾಗಿ! 1817ರಲ್ಲಿ ಥಾಮಸ್ ಮ್ಯಾಕ್ರಿ ಸ್ಕಾಟ್‌ನ ಚಿತ್ರಣವನ್ನು ದೀರ್ಘವಾಗಿ ಖಂಡಿಸಿದ. ಸ್ಕಾಟ್ ಅದೇ ಹೊತ್ತಿಗೆ ಹೆಸರು ಹಾಕದೆ ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದುಕೊಂಡ! ಮ್ಯಾಕ್ರಿ ದಂಗೆಕೋರರ ಚಾರಿತ್ರ್ಯ ಸಮರ್ಥಿಸಿದ. ನನಗೆ ಅವರ ಚಾರಿತ್ರ್ಯಕ್ಕಿಂತ ಅವರ ಪ್ರಶ್ನೆ ಮುಖ್ಯ. ಬೋಧಕ ಮ್ಯಾಕ್‌ಬ್ರಯರ್‌ನ ಚಿತ್ರಹಿಂಸೆಯ ದೃಶ್ಯದಲ್ಲಿ ಮಾತ್ರ ಸ್ಕಾಟ್ ನಗುವುದನ್ನು ಬಿಡುತ್ತಾನೆ. ಕಾದಂಬರಿಯ ಅತ್ಯುತ್ತಮ ಪುಟಗಳು ಅವೇ.

ಮಾರ್ಟನ್ ದೇಶಾಂತರ ಹೋಗಿ, ರಾಜ ಬದಲಾದ ಮೇಲೆ ಮರಳಿ, ಈಡಿತ್‌ಳನ್ನು ಮದುವೆಯಾಗ್ತಾನೆ. ನಿಜವಾದ ಕೈದಿಗಳು, ಸುಮಾರು 1200 ಜನ, ಎಡಿನ್‌ಬರೋದ ಗ್ರೇಫ್ರಯರ್ಸ್ ಚರ್ಚಿನ ಅಂಗಳದಲ್ಲಿ ಬಯಲಲ್ಲೇ ಇದ್ದರು. ಮತ್ತೆ ಆಯುಧ ಎತ್ತುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟವರಿಗೆ ಬಿಡುಗಡೆ. ಅಲ್ಲೂ ಅದೇ ಪ್ರಶ್ನೆ: ಬರೆದುಕೊಡೋದೋ ಬೇಡವೋ? ಉಳಿದವರಲ್ಲಿ ಸುಮಾರು 250 ಮಂದಿಯನ್ನು ಹಡಗು ಹತ್ತಿಸಿದರು. ಡಿಸೆಂಬರಿನಲ್ಲಿ ಅದು ಆರ್ಕ್ನಿ ದ್ವೀಪಗಳ ಬಳಿ ಒಡೆಯಿತು, ಹೆಚ್ಚಿನವರು ಮುಳುಗಿದರು.