ಮಾಲ್ಗುಡಿಯ ಮುಖಚಿತ್ರ

ಪುಸ್ತಕದ ಹೊದಿಕೆಗಾಗಿ ಬರೆದ ಚಿತ್ರವನ್ನು ಅಲಂಕಾರಮಾತ್ರವೆಂದು ಎಣಿಸುವುದು ರೂಢಿಯಾಗಿದೆ. ವಿಮರ್ಶಕರು ಕಥೆ, ಪಾತ್ರ, ಶೈಲಿಗಳನ್ನು ಕುರಿತು ಪುಟಗಟ್ಟಲೆ ಬರೆದು, ಕೊನೆಗೆ ‘ಮುಖಚಿತ್ರ ಅಂದವಾಗಿದೆ’ ಎಂಬ ಒಂದು ವಾಕ್ಯದಿಂದ ಚಿತ್ರಕಾರನ ಋಣವನ್ನು ತೀರಿಸಿಬಿಡುತ್ತಾರೆ. ಆದರೆ ಓದುಗನಿಗೆ ಮೊದಲು ಎದುರಾಗುವುದು ಆ ಚಿತ್ರವೇ. ಕೃತಿಯನ್ನು ಮುಂಚೆ ಓದಿದ ಒಬ್ಬನು ರೇಖೆಯಲ್ಲಿ ಬರೆದಿಟ್ಟ ವ್ಯಾಖ್ಯಾನ ಅದು. ಚಿತ್ರಕಾರನು ಕಲಾಶಾಲೆಯ ಮೆಟ್ಟಿಲು ಹತ್ತದ ಹವ್ಯಾಸಿಯೂ ನಗೆಗಾರನೂ ಆಗಿದ್ದರಂತೂ ಆ ವ್ಯಾಖ್ಯಾನದ ಪರೀಕ್ಷೆ ಹೆಚ್ಚು ಫಲಕಾರಿ. ಆರ್. ಕೆ. ನಾರಾಯಣರ ಮಾಲ್ಗುಡಿಗೆ ಅವರ ಕಿರಿಯ ಸೋದರ ಆರ್. ಕೆ. ಲಕ್ಷ್ಮಣರು ಕೊಟ್ಟ ರೂಪವು ಇದಕ್ಕೆ ಉತ್ತಮ ನಿದರ್ಶನ.

ಲಕ್ಷ್ಮಣರು 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಅಕ್ಷರ ಕಲಿಯುವ ಮೊದಲೇ ಮನೆಗೆ ಬರುತ್ತಿದ್ದ ‘ಸ್ಟ್ರ್ಯಾಂಡ್’, ‘ಪಂಚ್’ ಮೊದಲಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳು ಅವರ ಕಣ್ಣನ್ನು ಸೆಳೆದಿದ್ದವು. ಶಾಲೆಯಲ್ಲಿ ಬರೆದ ಅರಳಿ ಎಲೆಯೊಂದನ್ನು ಉಪಾಧ್ಯಾಯರು ಮೆಚ್ಚಿಕೊಂಡದ್ದು ಅವರಿಗೆ ದೊರೆತ ಮೊದಲ ಪದವಿ. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳಲು ತಕ್ಕ ಪ್ರತಿಭೆ ಕಾಣದೆಂಬ ಉತ್ತರ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಿ. ಎ. ಓದುತ್ತಲೇ ಅವರು ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಎಂದರೆ ‘ರಾಶಿ’ಯವರು, ಆರಂಭಿಸಿದ ‘ಕೊರವಂಜಿ’ಯೂ ಈ ತರುಣನ ನಗೆಚಿತ್ರಗಳಿಗೆ ಎಡೆಗೊಟ್ಟಿತು. ಕಲಾಶಾಲೆ ಒಲ್ಲೆನೆಂದ ಕೈಯನ್ನು ಕನ್ನಡದ ಹಾಸ್ಯಪತ್ರಿಕೆಯೊಂದು ಬೇಕೆಂದಿತೆಂಬುದು ಮರೆಯತಕ್ಕ ಸಂಗತಿಯಲ್ಲ.

ಕೃತಿ ಮತ್ತು ಚಿತ್ರಕಾರನ ಸಂಬಂಧ ಇಲ್ಲಿ ಇನ್ನೊಂದು ರೀತಿಯಲ್ಲಿಯೂ ವಿಶಿಷ್ಟವಾದುದು. ಬಾಲಕ ಲಕ್ಷ್ಮಣರು ತಮ್ಮ ಬೀದಿಯ ಕ್ರಿಕೆಟ್ ತಂಡದ ನಾಯಕರಾಗಿದ್ದರು. ಆ ಪ್ರಸಂಗಗಳಿಂದಲೇ ನಾರಾಯಣರು ‘ಡೋಡು’ ಮೊದಲಾದ ಕಥೆಗಳನ್ನು ಹೆಣೆದರು. ಕಥೆಗೆ ವಸ್ತುವಾದವನೇ ಕಥೆಗಾರನ ಲೋಕಕ್ಕೆ ಚಿತ್ರಕಾರನಾದನು. ಹೀಗಾಗಿ ಲಕ್ಷ್ಮಣರ ಓದಿನಲ್ಲಿ ಹೊರಗಿನವನ ಬೆರಗಿಲ್ಲ, ಒಳಗಿನವನ ಸಲಿಗೆಯಿದೆ. ಅದರ ಬಲವೂ ಮಿತಿಯೂ ಈ ಸಲಿಗೆಯಲ್ಲಿಯೇ ಅಡಗಿವೆ.

ಮೊದಲು ಬಲವನ್ನು ನೋಡಬಹುದು. ನಾರಾಯಣರ ಗದ್ಯವು ವರ್ಣನೆಯಲ್ಲಿ ಬಹು ಮಿತವ್ಯಯಿ. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಸರಯೂ ನದಿ, ಮಾರ್ಕೆಟ್ ರಸ್ತೆ, ಆಲ್ಬರ್ಟ್ ಮಿಷನ್ ಶಾಲೆ, ಲಾಲಿ ಬಡಾವಣೆ ಎಂಬ ಹೆಸರುಗಳಿಂದಲೇ ಊರು ನಿಲ್ಲುತ್ತದೆ. ಸೂರು ಎಷ್ಟು ಇಳಿದಿತ್ತು, ಜಗಲಿಯ ಕಂಬ ಎಂಥದು ಎಂಬುದನ್ನು ಲೇಖಕರು ಹೇಳಹೋಗುವುದಿಲ್ಲ. ಇಂಗ್ಲಿಷ್ ಬಲ್ಲ ಯಾವ ದೇಶದ ಓದುಗನೂ ತನಗೆ ತೋಚಿದ ಬೀದಿಯನ್ನು ಅಲ್ಲಿ ಕಟ್ಟಿಕೊಳ್ಳಬಹುದು. ಚಿತ್ರಕಾರನಿಗಾದರೋ ಈ ಸ್ವಾತಂತ್ರ್ಯವಿಲ್ಲ. ರೇಖೆ ಎಳೆದೊಡನೆ ಸೂರು ಒಂದು ನಿರ್ದಿಷ್ಟ ಸೂರಾಗಬೇಕು. ಲಕ್ಷ್ಮಣರು ಅಲ್ಲಿ ಹಳೆಯ ಮೈಸೂರಿನ ಹೆಂಚಿನ ಮನೆಯನ್ನೂ ಜಗಲಿಯನ್ನೂ ಪಂಚೆಯುಟ್ಟ ಹಿರಿಯರನ್ನೂ ತಂದಿರಿಸಿದರು. ಬರಹ ಹೆಸರಿಸಿ ಬಿಟ್ಟುದನ್ನು ಚಿತ್ರ ನೆಲಕ್ಕಿಳಿಸಿತು.

ಎರಡನೆಯದು ಹಾಸ್ಯದ ಪ್ರಶ್ನೆ. ಭರತನು ಹಾಸ್ಯದ ವಿಭಾವಗಳಲ್ಲಿ ವಿಕೃತವಾದ ವೇಷ ಅಲಂಕಾರಗಳನ್ನು ಎಣಿಸುತ್ತಾನೆ. ವ್ಯಂಗ್ಯಚಿತ್ರದ ಜೀವಾಳವೂ ಒಂದು ಬಗೆಯ ವಿಕೃತಿಯೇ. ನಾರಾಯಣರ ಹಾಸ್ಯವಾದರೋ ವಿಕೃತಿಯಿಂದ ಹುಟ್ಟುವುದಲ್ಲ. ಪೋಲೀಸ್ ಸೂಪರಿಂಟೆಂಡೆಂಟರ ಮಗ ರಾಜಮ್ ಕೋಟು, ಟೈ, ಬೂಟುಗಳಲ್ಲಿ ಶಾಲೆಗೆ ಬಂದಾಗ ಉಳಿದ ಹುಡುಗರಿಗಾಗುವ ಬೆರಗನ್ನು ಲೇಖಕರು ಗಂಭೀರ ಮುಖದಿಂದಲೇ ಹೇಳುತ್ತಾರೆ. ನಗೆ ಓದುಗನಲ್ಲಿ ತಾನಾಗಿ ಮೂಡುತ್ತದೆ. ಇಂಥ ಬರಹದ ಹೊದಿಕೆಗೆ ಮೂಗು ಬೆಳೆಸಿ ಹೊಟ್ಟೆ ಊದಿಸಿದ ಚಿತ್ರವನ್ನು ಹಾಕಿದರೆ ಲೇಖಕನು ಅಡಗಿಸಿಟ್ಟ ನಗೆಯನ್ನು ಚಿತ್ರಕಾರನು ಬೀದಿಯಲ್ಲಿ ಸಾರಿದಂತಾಗುತ್ತದೆ. ಲಕ್ಷ್ಮಣರು ಈ ತೊಡಕನ್ನು ಬಿಡಿಸಿದ ರೀತಿ ಗಮನಾರ್ಹ. ಅವರ ಉತ್ತಮ ಮಾಲ್ಗುಡಿ ಚಿತ್ರಗಳಲ್ಲಿ ಅತಿಶಯೋಕ್ತಿ ಮನುಷ್ಯನ ನಿಲುವಿಗೂ ನಡೆಗೂ ಸೀಮಿತವಾಗಿದೆ. ಸುತ್ತಲಿನ ಮನೆ, ಮರ, ಬೀದಿಗಳು ಯಥಾರ್ಥವಾಗಿ ನಿಲ್ಲುತ್ತವೆ. ಸ್ಥಿರವಾದ ಲೋಕದಲ್ಲಿ ಮನುಷ್ಯನೊಬ್ಬ ತುಸು ಓರೆಯಾಗಿ ನಡೆಯುತ್ತಾನೆ. ನಾರಾಯಣರ ಕಾದಂಬರಿಗಳ ತಿರುಳೂ ಇದೇ ಆಗಿರುವುದರಿಂದ ಇಲ್ಲಿ ಔಚಿತ್ಯವು ಸಾಧಿತವಾಗಿದೆ.

ಮಿತಿ ಎಲ್ಲಿದೆ? ಮಾಲ್ಗುಡಿಯೆಲ್ಲ ನಗೆಯಲ್ಲ. 1939ರಲ್ಲಿ ನಾರಾಯಣರ ಪತ್ನಿ ವಿಷಮಶೀತಜ್ವರದಿಂದ ತೀರಿಕೊಂಡರು. ಆ ದುಃಖವು 1945ರ ‘ದಿ ಇಂಗ್ಲಿಷ್ ಟೀಚರ್’ ಆಗಿ ಹೊರಬಂದಿತು. ಅದೇ ಊರು, ಅದೇ ಬೀದಿ. ಆದರೆ ಅಲ್ಲಿ ಮನೆಯೊಂದು ಬರಿದಾಗಿದೆ. ವಿನೋದದ ರೇಖೆ ಈ ಶೂನ್ಯದ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಒಂದು ಕೃತಿಗೆ ಒಪ್ಪಿದ ಮುಖ ಒಂದು ಲೋಕಕ್ಕೆಲ್ಲ ಒಪ್ಪಬೇಕಾಗಿಲ್ಲ. ಶಂಕರ್ ನಾಗರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಸರಣಿ 1986ರಲ್ಲಿ ದೂರದರ್ಶನದಲ್ಲಿ ಬಂದಾಗ ಅದರ ಶೀರ್ಷಿಕೆಗಳಲ್ಲಿಯೂ ಲಕ್ಷ್ಮಣರ ಚಿತ್ರಗಳೇ ಮೂಡಿದವು. ಕಾದಂಬರಿಗಳನ್ನು ತೆರೆಯದ ಲಕ್ಷಾಂತರ ಜನರಿಗೆ ಮಾಲ್ಗುಡಿಯೆಂದರೆ ಇಂಪಾದ, ನೋವಿಲ್ಲದ ಊರೆಂಬ ಭಾವನೆ ಬೇರೂರಿತು. ಇದು ಚಿತ್ರಕಾರನ ಅಪರಾಧವಲ್ಲ. ಹೊದಿಕೆಯನ್ನು ನೋಡಿ ಪುಸ್ತಕವನ್ನು ಮುಚ್ಚಿಟ್ಟವರ ಅಪರಾಧ.

ಪುಣೆಯ ಕನ್ನಡಿಗರಿಗೆ ಈ ವಿಚಾರ ಕೇವಲ ಕಲಾಮೀಮಾಂಸೆಯದಲ್ಲ. ಸೋದರರ ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ನಾರಾಯಣರ ಲೇಖನಿಯ ಮಾತು ಇಂಗ್ಲಿಷ್. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಬದುಕುವವರಿಗೆ ಈ ವಿಭಜನೆ ಅಪರಿಚಿತವಲ್ಲ. ಮಾತು ಬದಲಾದಾಗ ಊರಿನ ಯಾವ ಅಂಶ ಉಳಿಯುತ್ತದೆಂಬ ಪ್ರಶ್ನೆಗೆ ಲಕ್ಷ್ಮಣರ ಎರಡು ಸೃಷ್ಟಿಗಳು ಎರಡು ಉತ್ತರ ಕೊಡುತ್ತವೆ. 1951ರಲ್ಲಿ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಆರಂಭವಾದ ‘ಯು ಸೆಡ್ ಇಟ್’ ಚಿತ್ರಮಾಲೆಯ ಶ್ರೀಸಾಮಾನ್ಯನು ಚೌಕಳಿ ಕೋಟು ತೊಟ್ಟು ಧೋತರ ಉಟ್ಟವನು. ಮೊದಮೊದಲು ಬಂಗಾಳಿ, ತಮಿಳ, ಪಂಜಾಬಿ ಎಂದು ಬೇರೆ ಬೇರೆಯಾಗಿ ಬರೆದ ಜನರನ್ನು ಕರಗಿಸಿ ಅವರು ಈ ಒಬ್ಬನನ್ನು ಎರಕ ಹೊಯ್ದರು. ಆತನು ಮಾತಾಡುವುದಿಲ್ಲ, ಆದುದರಿಂದ ಎಲ್ಲರವನೂ ಆದನು, ಯಾವ ಊರಿನವನೂ ಆಗಲಿಲ್ಲ. ಮಾಲ್ಗುಡಿಯ ಚಿತ್ರಗಳು ಹಾಗಲ್ಲ. ಅವುಗಳ ಅಡಿಯಲ್ಲಿ ಇಂಗ್ಲಿಷ್ ಅಕ್ಷರವಿದ್ದರೂ ಅವುಗಳ ಜಗಲಿ ಮೈಸೂರಿನದೇ.

ಲಕ್ಷ್ಮಣರ ಕೊನೆಯ ವರ್ಷಗಳು ಪುಣೆಯಲ್ಲಿ ಕಳೆದವು. 2015ರ ಜನವರಿ 26ರಂದು ಅವರು ಇಲ್ಲಿಯೇ ನಿಧನರಾದರು. ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿ ಶ್ರೀಸಾಮಾನ್ಯನ ಕಂಚಿನ ಪ್ರತಿಮೆ 2001ರಿಂದ ನಿಂತಿದೆ. 2022ರ ಮಾರ್ಚ್ 6ರಂದು ಬಾಲೇವಾಡಿಯಲ್ಲಿ ಅವರ ಹೆಸರಿನ ಕಲಾವಸ್ತುಸಂಗ್ರಹಾಲಯದ ಉದ್ಘಾಟನೆಯಾಯಿತು. ದೃಶ್ಯಶ್ರವ್ಯಗಳಿಂದ ಜೀವ ತುಂಬುವ ಮಾಲ್ಗುಡಿಯ ಕಿರುಪ್ರತಿಕೃತಿಯೇ ಅದರ ಮುಖ್ಯ ಆಕರ್ಷಣೆಯೆಂದು ಆಗ ಪ್ರಕಟಿಸಲಾಯಿತು. ನಕ್ಷೆಯಲ್ಲಿಲ್ಲದ ಊರಿಗೆ ಮಹಾರಾಷ್ಟ್ರದಲ್ಲಿ ಒಂದು ನೆಲೆ ದೊರೆತದ್ದು ಸಂತೋಷದ ಸಂಗತಿ. ಆದರೆ ಪ್ರತಿಕೃತಿಗೂ ಮುಖಚಿತ್ರಕ್ಕೂ ಒಂದು ಭೇದವುಂಟು. ಪ್ರತಿಕೃತಿ ಊರನ್ನು ಪೂರ್ತಿಗೊಳಿಸುತ್ತದೆ. ಮುಖಚಿತ್ರ ಅದನ್ನು ಧ್ವನಿಸಿ, ಉಳಿದುದಕ್ಕಾಗಿ ಒಳಗಿನ ಪುಟಗಳತ್ತ ಕೈ ತೋರಿಸುತ್ತದೆ. ತವರನ್ನು ಬಿಟ್ಟು ಬಂದವರಿಗೆ ಪೂರ್ತಿಗೊಂಡ ಊರು ಹಿತಕರವಾಗಿ ಕಾಣುವುದು ಸಹಜ. ಆದರೆ ಅಂಥ ಊರಿನಲ್ಲಿ ಹೊಸದಾಗಿ ತಿಳಿಯಬೇಕಾದುದು ಏನೂ ಉಳಿಯುವುದಿಲ್ಲ.

ಹೊರನಾಡಿನ ಕನ್ನಡ ಸಂಘಗಳು ವರ್ಷವರ್ಷವೂ ಸಂಚಿಕೆಗಳನ್ನು ಹೊರತರುತ್ತವೆ. ಅವುಗಳ ಮುಖಪುಟದಲ್ಲಿ ಗೋಪುರ, ಜಲಪಾತ, ಭುವನೇಶ್ವರಿಯರ ಸಿದ್ಧಚಿತ್ರಗಳು ಮರುಕಳಿಸುವುದು ವಾಡಿಕೆ. ಒಳಗಿನ ಬರಹವನ್ನು ಓದಿ, ಅದರಿಂದ ಪ್ರೇರಿತನಾದ ತರುಣನೊಬ್ಬನ ಸೊಟ್ಟರೇಖೆಗೆ ಆ ಜಾಗವನ್ನು ಬಿಟ್ಟುಕೊಡುವ ಧೈರ್ಯ ವಿರಳ. ‘ಕೊರವಂಜಿ’ 1967ರಲ್ಲಿ ನಿಂತುಹೋಯಿತು. ಪದವಿಯನ್ನು ಕೇಳದೆ ಕೈಯನ್ನು ನೋಡಿದ ಅದರ ಕ್ರಮವು ಇಂದಿಗೂ ಅನುಸರಣೀಯವಾಗಿದೆ.