ಕಾಯುವ ಕಣ್ಣಿಲ್ಲದ ಶಿಕ್ಷೆ

ಆರು ಮಂದಿ ಕೊಲೆಗಾರರನ್ನು ಒಬ್ಬ ಯುವ ಜೈಲು ಅಧಿಕಾರಿ ಸೆರೆಮನೆಯ ಗೋಡೆಯಿಂದಾಚೆ ಕರೆದೊಯ್ಯುತ್ತಾನೆ. ಅವರನ್ನು ಹಿಡಿದಿಡಲು ಅಲ್ಲಿ ಎತ್ತರದ ಗೋಡೆಯಿಲ್ಲ, ಬಂದೂಕು ಹಿಡಿದ ಕಾವಲಿನವರಿಲ್ಲ. ಎದುರಿಗಿರುವುದು ಒಂದು ಪಾಳುಬಿದ್ದ ಹೊಲ ಮಾತ್ರ. ಅವರು ಓಡಿಹೋದರೆ? ಮತ್ತೊಂದು ಕೊಲೆ ಮಾಡಿದರೆ? ವಿ. ಶಾಂತಾರಾಂ ಅವರು 1957ರಲ್ಲಿ ನಿರ್ಮಿಸಿ, ನಿರ್ದೇಶಿಸಿ, ತಾವೇ ನಟಿಸಿದ ‘ದೋ ಆಂಖೇಂ ಬಾರಹ್ ಹಾಥ್’ ಎಂಬ ಹಿಂದಿ ಚಿತ್ರ ಆರಂಭವಾಗುವುದೇ ಈ ಪ್ರಶ್ನೆಯಿಂದ. ಹನ್ನೆರಡು ಕೈಗಳು ಆ ಆರು ಮಂದಿಯವು. ಎರಡು ಕಣ್ಣುಗಳು ಅವರನ್ನು ಕಾಯುವ ಅಧಿಕಾರಿ ಆದಿನಾಥನವು. ಈ ಚಿತ್ರಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು, 1958ರ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಅದರ ಪ್ರಾರ್ಥನಾಗೀತೆಯನ್ನು ಚಿತ್ರ ನೋಡದವರೂ ಗುನುಗುತ್ತಾರೆ.

ಇಷ್ಟು ಹಳೆಯ ಚಿತ್ರವನ್ನು ಈಗ ಮತ್ತೆ ಚರ್ಚೆಗೆ ಎತ್ತಿಕೊಳ್ಳಲು ಕಾರಣವಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ‘ಸಮುದಾಯ ಸೇವೆ’ಯನ್ನು ಒಂದು ಶಿಕ್ಷೆಯಾಗಿ ಸೇರಿಸಿಕೊಂಡಿದೆ. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿ ಅದು ಇರಲಿಲ್ಲ. ಸಣ್ಣ ತಪ್ಪಿಗೆ ಸೆರೆಮನೆಯೇ ಬೇಕೆಂದಿಲ್ಲ, ಊರಿನಲ್ಲಿದ್ದುಕೊಂಡೇ ತಪ್ಪನ್ನು ತೀರಿಸಬಹುದು ಎಂಬ ಈ ವಿಚಾರವನ್ನು ನಾವು ಸ್ವಾಗತಿಸಲೇಬೇಕು. ಆದರೆ ಹೀಗೆ ಹೊರಗೆ ಬಿಟ್ಟವನು ಹೇಳಿದ ಕೆಲಸಕ್ಕೆ ಬಾರದೆ ಹೋದರೆ ಏನು? ಅವನು ಮತ್ತೆ ಕದ್ದರೆ ತಪ್ಪು ಯಾರದು? ಕಾನೂನು ಅಷ್ಟಾಗಿ ಯೋಚಿಸದ ಈ ಪ್ರಶ್ನೆಗಳನ್ನು ಶಾಂತಾರಾಂ ಎದುರಿಸಿದ್ದಾರೆ. ಅವರ ಉತ್ತರ ಎಷ್ಟರಮಟ್ಟಿಗೆ ಸರಿ ಎಂಬುದನ್ನು ನೋಡೋಣ.

ಚಿತ್ರದ ಕಥೆ ಬರೀ ಕನಸಲ್ಲ. ಔಂಧ್ ಎಂಬ ಸಣ್ಣ ಮರಾಠಿ ಸಂಸ್ಥಾನದಲ್ಲಿ 1939ರ ಸುಮಾರಿಗೆ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಆರಂಭವಾಗಿತ್ತು. ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿದ್ದ ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಇಂಜಿನಿಯರ್ ಅದರ ಹಿಂದಿದ್ದರು. ಕೈದಿಗಳು ಅಲ್ಲಿ ಭೂಮಿ ಉತ್ತು ಬೆಳೆ ತೆಗೆದು ಬದುಕಿದರು. ಚಿತ್ರಕ್ಕೆ ಪ್ರೇರಣೆ ದೊರೆತದ್ದು ಆ ಪ್ರಯೋಗದಿಂದ. ಇಂಥದ್ದು ಸಾಧ್ಯವೇ ಎಂದು ಮೂಗುಮುರಿಯುವವರಿಗೆ ಇದೇ ಉತ್ತರ.

ಚಿತ್ರದ ದೊಡ್ಡ ಗುಣವೆಂದರೆ, ಆ ಆರು ಮಂದಿ ಒಂದೇ ದಿನದಲ್ಲಿ ಸಂತರಾಗುವುದಿಲ್ಲ. ಅವರು ಮುನಿಸಿಕೊಳ್ಳುತ್ತಾರೆ, ಅನುಮಾನಿಸುತ್ತಾರೆ, ಓಡಿಹೋಗುವ ಆಸೆಗೆ ಬೀಳುತ್ತಾರೆ. ಅವರನ್ನು ಹಿಂದಕ್ಕೆ ಎಳೆದು ತರುವುದು ಸರಪಳಿಯಲ್ಲ, ಆದಿನಾಥನ ಕಣ್ಣುಗಳ ನೆನಪು. ತಮ್ಮನ್ನು ನಂಬಿದ ಒಬ್ಬನಿದ್ದಾನೆ, ಅವನ ಮುಂದೆ ತಲೆತಗ್ಗಿಸಬಾರದು ಎಂಬ ಅಳುಕು ಅದು. ಕಾಲು ಜಾರುವುದು ಬೇರೆ, ಪೂರ್ತಿ ಬಿದ್ದುಹೋಗುವುದು ಬೇರೆ ಎಂಬ ವಿವೇಕ ಈ ಚಿತ್ರಕ್ಕಿದೆ. ಇಂದಿನ ಚರ್ಚೆಗಳಲ್ಲಿ ಕಾಣೆಯಾಗಿರುವುದು ಈ ವಿವೇಕವೇ. ಹೇಳಿದ ದಿನ ಹಾಜರಾಗದವನು ಮತ್ತು ಹೊಸ ಅಪರಾಧ ಎಸಗಿದವನು ಇಬ್ಬರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಮೊದಲಿನವನು ಆ ದಿನ ಜ್ವರದಲ್ಲಿ ಮಲಗಿರಬಹುದು, ಬಸ್ಸಿಗೆ ದುಡ್ಡಿಲ್ಲದೆ ಉಳಿದಿರಬಹುದು, ಕೂಲಿಗೆ ಹೋಗಿರಬಹುದು. ಕೇಳುವವರಿದ್ದರಲ್ಲವೇ ತಿಳಿಯುವುದು?

ಚಿತ್ರ ಬಂದ ಮರುವರ್ಷ, 1958ರಲ್ಲಿ, ನಮ್ಮ ಸಂಸತ್ತು ಅಪರಾಧಿಗಳ ಪ್ರೊಬೇಷನ್ ಕಾಯ್ದೆಯನ್ನು ಅಂಗೀಕರಿಸಿತು. ಅದನ್ನು ಓದುವಾಗ ಆದಿನಾಥನಂಥ ಯಾರೋ ಬರೆದಂತೆ ತೋರುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧವಾದರೆ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅಪರಾಧಿಯನ್ನು ಬಿಡಬಹುದು. 21 ವರ್ಷದೊಳಗಿನವರನ್ನು ಸೆರೆಮನೆಗೆ ಕಳುಹಿಸುವುದಾದರೆ ನ್ಯಾಯಾಲಯ ಕಾರಣ ಬರೆದಿಡಬೇಕು. ಮುಚ್ಚಳಿಕೆಯ ಷರತ್ತನ್ನು ಮೊದಲ ಬಾರಿ ಮುರಿದವನಿಗೆ, ಮುಚ್ಚಳಿಕೆಯನ್ನು ಹಾಗೆಯೇ ಉಳಿಸಿಕೊಂಡು 50 ರೂಪಾಯಿ ಮೀರದ ದಂಡ ಹಾಕಿ ಸುಮ್ಮನಾಗಲು ಅವಕಾಶವಿದೆ. ಮನುಷ್ಯ ಒಮ್ಮೆ ಎಡವುತ್ತಾನೆ ಎಂದು ಒಪ್ಪಿಕೊಂಡ ಕಾನೂನಿದು. ಅದಕ್ಕಿಂತ ಮುಖ್ಯವಾಗಿ, ಪ್ರೊಬೇಷನ್ ಅಧಿಕಾರಿಯ ಕರ್ತವ್ಯಗಳಲ್ಲಿ ಮೇಲ್ವಿಚಾರಣೆಯ ಜೊತೆಗೆ, ತನ್ನ ಉಸ್ತುವಾರಿಯಲ್ಲಿರುವವನಿಗೆ ಅಗತ್ಯವಿದ್ದಲ್ಲಿ ತಕ್ಕ ಉದ್ಯೋಗ ಹುಡುಕಲು ಪ್ರಯತ್ನಿಸುವುದೂ ಸೇರಿದೆ. ಎರಡು ಕಣ್ಣುಗಳಿಗೆ ಕಾನೂನಿನ ಭಾಷೆಯಲ್ಲಿ ಸಿಕ್ಕ ಹೆಸರು ಇದು.

ಇದರ ಪಕ್ಕದಲ್ಲಿ ಹೊಸ ಸಂಹಿತೆಯನ್ನು ಇಟ್ಟು ನೋಡಿದಾಗ ನಿರಾಸೆಯಾಗುತ್ತದೆ. ಸಮುದಾಯ ಸೇವೆ ಅನ್ವಯವಾಗುವುದು ಆರು ಬಗೆಯ ಅಪರಾಧಗಳಿಗೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿಗೆ ಕದ್ದು ಸಿಕ್ಕಿಬಿದ್ದು ಹಿಂದಿರುಗಿಸಿದವನು, ಕುಡಿದು ಸಾರ್ವಜನಿಕ ಸ್ಥಳದಲ್ಲಿ ರಂಪ ಮಾಡಿದವನು, ಮಾನಹಾನಿ ಮಾಡಿದವನು ಇದರ ವ್ಯಾಪ್ತಿಗೆ ಬರುತ್ತಾರೆ. ಸಮುದಾಯ ಸೇವೆ ಎಂದರೇನು? ಸಮುದಾಯಕ್ಕೆ ಪ್ರಯೋಜನವಾಗುವಂಥ, ಸಂಭಾವನೆಯಿಲ್ಲದ ಕೆಲಸ ಎಂದು ನಾಗರಿಕ ಸುರಕ್ಷಾ ಸಂಹಿತೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಎಷ್ಟು ಗಂಟೆ, ಯಾರ ಕೈಕೆಳಗೆ, ಬಾರದವನ ಮನೆಗೆ ಹೋಗಿ ವಿಚಾರಿಸುವವರು ಯಾರು ಎಂಬುದನ್ನು ಆ ವಾಕ್ಯ ಹೇಳುವುದಿಲ್ಲ. ಸೇವೆ ತಪ್ಪಿದರೆ ಸೆರೆವಾಸ ಎಂಬುದನ್ನು ಮಾತ್ರ ನ್ಯಾಯ ಸಂಹಿತೆ ಮರೆತಿಲ್ಲ.

ದಿನಗೂಲಿಯವನ ಕಡೆಯಿಂದ ಇದನ್ನು ಯೋಚಿಸಿ ನೋಡೋಣ. ಸಂಜೆ ಕೈಗೆ ಬರುವ ಕೂಲಿಯಿಂದಲೇ ಅವನ ಮನೆಯ ಒಲೆ ಹೊತ್ತಬೇಕು. ಒಂದು ವಾರ ಆಸ್ಪತ್ರೆಯ ಅಂಗಳ ಗುಡಿಸು ಎಂದರೆ ಒಂದು ವಾರದ ಅನ್ನವನ್ನು ಬಿಡು ಎಂದಂತೆ. ಸರಕಾರಿ ನೌಕರನಿಗೋ ಅಂಗಡಿ ಮಾಲಿಕನಿಗೋ ಅದು ರಜೆ ಹಾಕಿ ಮುಗಿಸುವ ಕೆಲಸ. ಶಿಕ್ಷೆ ಒಂದೇ, ಭಾರ ಒಂದೇ ಅಲ್ಲ. ಬಡವನು ಎರಡನೆಯ ದಿನ ಕೂಲಿಗೆ ಹೋದರೆ ‘ಇವನಿಗೆ ಕರುಣೆ ತೋರಿದ್ದೇ ತಪ್ಪಾಯಿತು’ ಎಂಬ ಮಾತು ಹುಟ್ಟುತ್ತದೆ. ಕದ್ದದ್ದು ಅವನ ತಪ್ಪು, ನಿಜ. ಆದರೆ ಬಾರದೆ ಹೋದದ್ದರಲ್ಲಿ ವ್ಯವಸ್ಥೆಯ ಪಾಲೂ ಇದೆ. ಚಿತ್ರದ ಆ ಆರು ಮಂದಿಗೆ ಕಾಲೂರಲು ಒಂದು ಹೊಲವಿತ್ತು, ಬೆಳೆದದ್ದನ್ನು ಮಾರುವ ಹಕ್ಕಿತ್ತು. ಅವರು ನಿಂತದ್ದು ಉಪದೇಶದ ಬಲದಿಂದಷ್ಟೇ ಅಲ್ಲ.

ಕಾಯುವ ಕಣ್ಣನ್ನು ತೆಗೆದುಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅನುಭವ ನಮ್ಮ ಮುಂದಿದೆ. ಅಲ್ಲಿ ಪ್ರೊಬೇಷನ್ ಸೇವೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 2014ರಲ್ಲಿ ಅದನ್ನು ಎರಡಾಗಿ ಸೀಳಿದರು. ಹೆಚ್ಚು ಅಪಾಯಕಾರಿ ಎನಿಸಿದವರು ಸರಕಾರದ ಪಾಲಿಗೆ ಬಂದರು, ಉಳಿದವರು 21 ಕಂಪೆನಿಗಳ ಪಾಲಾದರು. ಮರು ಅಪರಾಧ ಕಡಿಮೆಯಾದಷ್ಟೂ ಕಂಪೆನಿಗೆ ಹಣ ಎಂಬ ಲೆಕ್ಕಾಚಾರ. ಪರಿಣಾಮವೇನಾಯಿತು? ಒಬ್ಬೊಬ್ಬ ಅಧಿಕಾರಿಯ ತಲೆಯ ಮೇಲೆ ಹೊರಲಾರದಷ್ಟು ಜನ ಬಿದ್ದರು. ಮುಖಾಮುಖಿ ಭೇಟಿಯ ಬದಲು ಫೋನಿನಲ್ಲಿ ವಿಚಾರಿಸಿ ಮುಗಿಸುವ ರೂಢಿ ಕೆಲವೆಡೆ ಬಂತು. ಮತ್ತೆ ಅಪರಾಧ ಮಾಡಿದವರ ಪ್ರಮಾಣ ತುಸು ಇಳಿದಂತೆ ಲೆಕ್ಕ ಹೇಳಿತಾದರೂ, ಹಾಗೆ ಮಾಡಿದ ಒಬ್ಬೊಬ್ಬನ ಅಪರಾಧಗಳ ಸಂಖ್ಯೆ ಏರಿತ್ತು. ಇದು ತಿದ್ದಿ ಸರಿಪಡಿಸಲಾಗದ ದೋಷ ಎಂದು ಪ್ರೊಬೇಷನ್ ಮುಖ್ಯ ಪರಿವೀಕ್ಷಕಿ ಗ್ಲೆನಿಸ್ ಸ್ಟೇಸಿ 2019ರಲ್ಲಿ ವರದಿ ಮಾಡಿದರು. 2021ರ ಜೂನ್‌ನಲ್ಲಿ ಸರಕಾರ ಎಲ್ಲವನ್ನೂ ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಅಷ್ಟು ಹಳೆಯ ಸೇವೆಯೇ ಕೆಲವೇ ವರ್ಷಗಳಲ್ಲಿ ಕುಸಿಯಿತು ಎಂದಾದರೆ, ಕಾಯುವವರನ್ನೇ ನೇಮಿಸದೆ ಆರಂಭಿಸಿದರೆ ಏನಾದೀತು?

ಇಷ್ಟೆಲ್ಲ ಮೆಚ್ಚಿಯೂ ಶಾಂತಾರಾಂ ಜೊತೆ ನಮಗೆ ಒಂದು ತಕರಾರಿದೆ. ಅವರು ಎಲ್ಲವನ್ನೂ ಒಬ್ಬ ಮಹಾತ್ಮನ ಹೆಗಲಿಗೆ ಹೊರಿಸಿದ್ದಾರೆ. ಆದಿನಾಥನಿಗೆ ಸಹಾಯಕರಿಲ್ಲ, ಅವನ ನಂತರ ಬರುವವರಿಲ್ಲ. ಅವನು ಸತ್ತ ಮೇಲೂ ಆ ಕಣ್ಣುಗಳು ಕಾಯುತ್ತಿರುತ್ತವೆ ಎಂಬ ಭಾವ ಚಿತ್ರಮಂದಿರದಲ್ಲಿ ಕಣ್ಣೀರು ತರಿಸೀತು, ಕಚೇರಿ ನಡೆಸದು. ಸಂತರು ಸಿಕ್ಕಾಗ ಮಾತ್ರ ನಡೆಯುವ ವ್ಯವಸ್ಥೆಯನ್ನು ವ್ಯವಸ್ಥೆ ಎನ್ನಲಾಗದು. ಸಾಮಾನ್ಯ ಸಂಬಳದ ಸಾಮಾನ್ಯ ಅಧಿಕಾರಿ ತನ್ನ ಪಾಲಿಗೆ ಬಂದವರ ಹೆಸರು, ಮನೆ, ಮಕ್ಕಳನ್ನು ನೆನಪಿಟ್ಟುಕೊಳ್ಳಲು ಸಾಧ್ಯವಾಗುವಷ್ಟು ಜನರನ್ನು ಮಾತ್ರ ಅವನಿಗೆ ವಹಿಸುವುದೇ ನಿಜವಾದ ಸುಧಾರಣೆ.

ಆದರೂ ಚಿತ್ರದ ಕೊನೆಯ ಭಾಗ ನಮ್ಮನ್ನು ಬಿಡದೆ ಕಾಡುತ್ತದೆ. ಆ ಆರು ಮಂದಿ ತರಕಾರಿ ಬೆಳೆದು ಪೇಟೆಗೆ ತಂದು ನ್ಯಾಯವಾದ ಬೆಲೆಗೆ ಮಾರುತ್ತಾರೆ. ಪೇಟೆಯನ್ನು ಹಿಡಿತದಲ್ಲಿಟ್ಟುಕೊಂಡ ವ್ಯಾಪಾರಿಗೆ ಅದು ಸಹಿಸದು. ಆದಿನಾಥ ಪ್ರಾಣ ಕಳೆದುಕೊಳ್ಳುವುದು ಅವನ ಕಡೆಯವರ ದಾಳಿಯಲ್ಲಿ. ಗಮನಿಸಬೇಕು, ಅವನನ್ನು ಕೊಂದವರು ಆ ಆರು ಮಂದಿ ಕೊಲೆಗಾರರಲ್ಲ, ಎಂದೂ ಜೈಲು ಕಾಣದ ಮರ್ಯಾದಸ್ಥರು. ಅಪರಾಧಿ ಬದಲಾದನೇ ಎಂದು ನಾವು ಮತ್ತೆ ಮತ್ತೆ ಕೇಳುತ್ತೇವೆ. ಅವನು ಬದಲಾಗಿ ಬಂದಾಗ ಪೇಟೆಯಲ್ಲಿ ಅವನಿಗೆ ಜಾಗ ಕೊಡುತ್ತೇವೆಯೇ ಎಂದು ಕೇಳಿಕೊಳ್ಳುವುದಿಲ್ಲ.

ಶಿಕ್ಷೆಯ ಹೆಸರಿನಲ್ಲೇ ‘ಸಮುದಾಯ’ ಇದೆ. ನಾಳೆ ನಮ್ಮೂರಿನ ಶಾಲೆಗೆ, ಆಸ್ಪತ್ರೆಗೆ, ಸಂಘಕ್ಕೆ ಅಂಥ ಒಬ್ಬ ಯುವಕನನ್ನು ನ್ಯಾಯಾಲಯ ಕಳುಹಿಸೀತು. ಕೈಗೆ ಪೊರಕೆ ಕೊಟ್ಟು ಅವನ ಜೇಬಿನ ಮೇಲೆ ಕಣ್ಣಿಡುವುದು ಸುಲಭ. ಊಟವಾಯಿತೇ, ನಾಳೆ ಬರುತ್ತೀಯಲ್ಲ, ಇಲ್ಲಿಯದು ಮುಗಿದ ಮೇಲೆ ದುಡಿಮೆಗೆ ಏನು ಮಾಡುತ್ತೀ ಎಂದು ಕೇಳಲು ಒಬ್ಬರಾದರೂ ಇದ್ದಾರೆಯೇ? ಇದ್ದರೆ ಅವನು ನಾಳೆಯೂ ಬಂದಾನು. ಯಾರೂ ಇಲ್ಲದಿದ್ದರೆ, ಅವನು ತಪ್ಪಿಸಿಕೊಂಡ ದಿನ ನಮ್ಮ ಗೈರುಹಾಜರಿಯನ್ನೂ ಬರೆದುಕೊಳ್ಳಬೇಕಾಗುತ್ತದೆ.